ನೌಕಾಯಾನದ ಅಂತಾರಾಷ್ಟ್ರೀಯ ನಿಯಂತ್ರಣ

ಜಗತ್ತಿನ ಸರಕು ವ್ಯಾಪಾರದ ಗಾತ್ರದಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಹಡಗುಗಳಲ್ಲೇ ಸಾಗುತ್ತದೆ. ಆ ಹಡಗುಗಳನ್ನು ಹೇಗೆ ಕಟ್ಟಬೇಕು, ಯಾರು ನಡೆಸಬೇಕು, ಕಡಲಿಗೆ ಏನನ್ನು ಬಿಡಬಾರದು, ದಾಳಿಯಾದರೆ ಏನು ಮಾಡಬೇಕು, ಮುಳುಗಿದರೆ ನಷ್ಟವನ್ನು ಯಾರು ತುಂಬಬೇಕು ಎಂಬುದನ್ನೆಲ್ಲ ಗೊತ್ತುಪಡಿಸುವ ಒಡಂಬಡಿಕೆಗಳು, ಸಂಹಿತೆಗಳು ಮತ್ತು ತಪಾಸಣೆಯ ಏರ್ಪಾಡುಗಳು ಸೇರಿ ಈ ನಿಯಂತ್ರಣ ವ್ಯವಸ್ಥೆಯಾಗಿದೆ. ಇದರ ಕೇಂದ್ರದಲ್ಲಿರುವುದು ಅಂತಾರಾಷ್ಟ್ರೀಯ ಕಡಲಯಾನ ಸಂಸ್ಥೆ (ಐಎಂಒ). ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಮೇಲೆ ಕಚೇರಿಯಿರುವ ಈ ಸಂಸ್ಥೆ ವಿಶ್ವಸಂಸ್ಥೆಯ ವಿಶೇಷ ಅಂಗಸಂಸ್ಥೆ. 170ಕ್ಕೂ ಹೆಚ್ಚು ದೇಶಗಳು ಇದರ ಸದಸ್ಯರು.

ಇಂಥ ವ್ಯವಸ್ಥೆ ಬೇಕಾದದ್ದು ಹಡಗಿನ ಸ್ವರೂಪದಿಂದಲೇ. ಕೊರಿಯಾದಲ್ಲಿ ಕಟ್ಟಿ, ಗ್ರೀಸಿನ ಮಾಲೀಕರು ಕೊಂಡು, ಲೈಬೀರಿಯಾದ ಬಾವುಟ ಹಾರಿಸಿ, ಭಾರತ ಮತ್ತು ಫಿಲಿಪ್ಪೀನ್ಸಿನ ನಾವಿಕರು ನಡೆಸುವ, ಲಂಡನ್ನಿನಲ್ಲಿ ವಿಮೆ ಮಾಡಿಸಿದ ಹಡಗೊಂದು ಚೀನಾದ ಸರಕು ಹೊತ್ತು ಬ್ರೆಜಿಲ್ಲಿಗೆ ಹೋಗುವುದು ಇಂದು ತೀರ ಸಾಮಾನ್ಯ. ಯಾವ ಒಂದು ದೇಶದ ಕಾನೂನೂ ಅದನ್ನು ಪೂರ್ತಿಯಾಗಿ ಹಿಡಿಯಲಾರದು. ಎಲ್ಲ ದೇಶಗಳೂ ಒಪ್ಪಿದ ಕಾನೂನು ಕಾಗದದ ಮೇಲೆ ಸಿದ್ಧವಾದರೂ ಅದನ್ನು ಜಾರಿಮಾಡುವ ಅಧಿಕಾರ ಲಂಡನ್ನಿಗಿಲ್ಲ. ಐಎಂಒಗೆ ತನ್ನದೇ ಆದ ತಪಾಸಣಾಧಿಕಾರಿಗಳಾಗಲಿ ನ್ಯಾಯಾಲಯವಾಗಲಿ ಇಲ್ಲ. ಬರೆಯುವವರು ಒಬ್ಬರು, ನಡೆಸಬೇಕಾದವರು ಇನ್ನೊಬ್ಬರು. ಈ ವ್ಯವಸ್ಥೆಯ ಬಲ, ದೌರ್ಬಲ್ಯಗಳೆರಡೂ ಹುಟ್ಟುವುದು ಇಲ್ಲಿಂದ.

ಹುಟ್ಟು

ನೌಕಾಯಾನದ ಬಹುಪಾಲು ನಿಯಮಗಳ ಹಿಂದೆ ಒಂದಲ್ಲ ಒಂದು ದುರಂತವಿದೆ. ಹಡಗಿನ ಪಕ್ಕೆಯ ಮೇಲೆ ಬಳಿಯುವ ಭಾರದ ಗೆರೆ ಇಂಗ್ಲೆಂಡಿನ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಅವರ ಹೋರಾಟದ ಫಲ. ವಿಮೆಯ ಹಣ ಸಿಗುತ್ತದೆಂಬ ಧೈರ್ಯದಲ್ಲಿ ಹಳೆಯ ಹಡಗುಗಳಿಗೆ ಮಿತಿಮೀರಿ ಸರಕು ತುಂಬಿ ಕಳಿಸುವ ಮಾಲೀಕರ ವಿರುದ್ಧ ಅವರು ಹೋರಾಡಿದರು. 1876ರ ಬ್ರಿಟಿಷ್ ಕಾಯ್ದೆ ಆ ಗೆರೆಯನ್ನು ಕಡ್ಡಾಯ ಮಾಡಿತು. ಅದು ಅಂತಾರಾಷ್ಟ್ರೀಯ ಒಡಂಬಡಿಕೆಯಾದದ್ದು 1930ರಲ್ಲಿ, ಈಗ ಜಾರಿಯಲ್ಲಿರುವುದು 1966ರದು.

1912ರ ಏಪ್ರಿಲ್ 15ರ ನಸುಕಿನಲ್ಲಿ ಟೈಟಾನಿಕ್ ಮುಳುಗಿ ಸುಮಾರು 1,500 ಮಂದಿ ಸತ್ತರು. ಹಡಗಿನಲ್ಲಿದ್ದವರು 2,200ಕ್ಕೂ ಹೆಚ್ಚು. ಜೀವರಕ್ಷಕ ದೋಣಿಗಳಲ್ಲಿ ಜಾಗವಿದ್ದದ್ದು 1,178 ಜನರಿಗೆ. ಗಮನಿಸಬೇಕಾದ ಸಂಗತಿಯೆಂದರೆ ಅಲ್ಲಿ ಯಾವ ಕಾನೂನಿನ ಉಲ್ಲಂಘನೆಯೂ ಆಗಿರಲಿಲ್ಲ. ಅಂದಿನ ಬ್ರಿಟಿಷ್ ನಿಯಮ ದೋಣಿಗಳ ಸಂಖ್ಯೆಯನ್ನು ಹಡಗಿನ ಟನ್ನೇಜಿಗೆ ತಕ್ಕಂತೆ ನಿಗದಿ ಮಾಡುತ್ತಿತ್ತು, ಹತ್ತು ಸಾವಿರ ಟನ್ನಿನಾಚೆಗೆ ಅದರ ಪಟ್ಟಿಯೇ ಮುಗಿದುಹೋಗುತ್ತಿತ್ತು. 46,000 ಟನ್ನಿನ ಟೈಟಾನಿಕ್ ಕಾನೂನು ಕೇಳಿದ್ದಕ್ಕಿಂತ ಹೆಚ್ಚು ದೋಣಿಗಳನ್ನೇ ಹೊತ್ತಿತ್ತು. ಸಮೀಪದಲ್ಲಿದ್ದ ಕ್ಯಾಲಿಫೋರ್ನಿಯನ್ ಎಂಬ ಹಡಗಿನ ಏಕೈಕ ರೇಡಿಯೊ ಸಿಬ್ಬಂದಿ ಕೆಲಸ ಮುಗಿಸಿ ಮಲಗಿದ್ದ. ಹಡಗುಗಳು ಬೆಳೆದಿದ್ದವು, ಕಾನೂನು ಬೆಳೆದಿರಲಿಲ್ಲ.

1914ರ ಜನವರಿ 20ರಂದು ಲಂಡನ್ನಿನಲ್ಲಿ 13 ದೇಶಗಳು ಸೇರಿ ‘ಕಡಲಲ್ಲಿ ಜೀವರಕ್ಷಣೆ’ಯ ಮೊದಲ ಒಡಂಬಡಿಕೆಗೆ ಸಹಿ ಹಾಕಿದವು. ಸೋಲಾಸ್ ಎಂಬ ಅದರ ಸಂಕ್ಷಿಪ್ತ ಹೆಸರೇ ಇಂದು ಬಂದರುಗಳಲ್ಲಿ ಬಳಕೆಯಲ್ಲಿದೆ. ಹಡಗಿನಲ್ಲಿರುವ ಪ್ರತಿಯೊಬ್ಬರಿಗೂ ದೋಣಿಯಲ್ಲಿ ಜಾಗ, ಹಗಲೂ ರಾತ್ರಿ ರೇಡಿಯೊ ಕಾವಲು, ಉತ್ತರ ಅಟ್ಲಾಂಟಿಕಿನಲ್ಲಿ ಮಂಜುಗಡ್ಡೆಯ ಪಹರೆ ಅದರಲ್ಲಿದ್ದವು. ಅದೇ ವರ್ಷ ಮಹಾಯುದ್ಧ ಶುರುವಾಗಿ ಒಡಂಬಡಿಕೆ ಯೋಜಿಸಿದಂತೆ ಜಾರಿಗೆ ಬರಲಿಲ್ಲ. 1929, 1948, 1960ರಲ್ಲಿ ಹೊಸ ರೂಪಗಳು ಬಂದವು. ಈಗಿನದು 1974ರ ಸೋಲಾಸ್, 1980ರ ಮೇ 25ರಿಂದ ಜಾರಿಯಲ್ಲಿದೆ.

ಶಾಶ್ವತ ಸಂಸ್ಥೆಯೊಂದು ಬೇಕೆಂದು 1948ರಲ್ಲಿ ಜಿನೀವಾದಲ್ಲಿ ನಿರ್ಣಯವಾಯಿತು. ತಮ್ಮ ವ್ಯಾಪಾರದಲ್ಲಿ ಅದು ಕೈಹಾಕೀತು ಎಂದು ದೊಡ್ಡ ನೌಕಾದೇಶಗಳು ಹಿಂಜರಿದ ಕಾರಣ ಹತ್ತು ವರ್ಷ ಹಾಗೇ ಕಳೆಯಿತು. 1958ರಲ್ಲಿ ಒಪ್ಪಂದ ಜಾರಿಯಾಗಿ, 1959ರಲ್ಲಿ ಸಂಸ್ಥೆಯ ಮೊದಲ ಸಭೆ ನಡೆಯಿತು. ಭಾರತ ಆ ವರ್ಷವೇ ಸದಸ್ಯ ದೇಶವಾಯಿತು. ಸಂಸ್ಥೆಗೆ ಐಎಂಒ ಎಂಬ ಈಗಿನ ಹೆಸರು ಬಂದದ್ದು 1982ರಲ್ಲಿ.

ಸಂಸ್ಥೆಯ ಚರಿತ್ರೆಯಲ್ಲಿ ಭಾರತೀಯರೊಬ್ಬರ ಪಾತ್ರ ದೊಡ್ಡದು. ಲಾಲ್ ಬಹಾದೂರ್ ಶಾಸ್ತ್ರಿಯವರ ಕಾರ್ಯದರ್ಶಿಯಾಗಿದ್ದ, ಭಾರತೀಯ ಶಿಪ್ಪಿಂಗ್ ಕಾರ್ಪೊರೇಷನ್ನನ್ನು ಕಟ್ಟಿ ಬೆಳೆಸಿದ ಚಂದ್ರಿಕಾ ಪ್ರಸಾದ್ ಶ್ರೀವಾಸ್ತವ 1974ರಿಂದ 1989ರವರೆಗೆ ಅದರ ಮಹಾಕಾರ್ಯದರ್ಶಿಯಾಗಿದ್ದರು. ಶ್ರೀಮಂತ ನೌಕಾದೇಶಗಳ ಕೂಟದಂತಿದ್ದ ಸಂಸ್ಥೆಗೆ ಏಷ್ಯ, ಆಫ್ರಿಕದ ದೇಶಗಳು ಬಂದು ಕೂತು ಮಾತನಾಡುವಂತಾದದ್ದು ಅವರ ಕಾಲದಲ್ಲಿ. ಆ ದೇಶಗಳಲ್ಲಿ ನಿಯಮ ಜಾರಿಮಾಡಬಲ್ಲ ತಜ್ಞರೇ ಇಲ್ಲದಿದ್ದರೆ ಒಡಂಬಡಿಕೆಗಳಿಂದ ಪ್ರಯೋಜನವಿಲ್ಲವೆಂದು ಕಂಡು ಅವರು 1983ರಲ್ಲಿ ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ವಿಶ್ವ ಕಡಲಯಾನ ವಿಶ್ವವಿದ್ಯಾಲಯವನ್ನು ತೆರೆಸಿದರು. ಅಲ್ಲಿ ಕಲಿತವರು ಇಂದು ಹಲವು ದೇಶಗಳ ನೌಕಾಡಳಿತದಲ್ಲಿದ್ದಾರೆ.

1974ರ ಸೋಲಾಸ್ ತಂದ ಒಂದು ಕಾರ್ಯವಿಧಾನ ಹೊರಗಿನವರ ಕಣ್ಣಿಗೆ ಬೀಳದಿದ್ದರೂ ಬಹಳ ಮುಖ್ಯ. ಮೊದಲು ಯಾವ ತಿದ್ದುಪಡಿ ಜಾರಿಯಾಗಬೇಕಾದರೂ ಮೂರನೇ ಎರಡು ಭಾಗ ದೇಶಗಳು ಒಪ್ಪಿಗೆ ಪತ್ರ ಕಳಿಸಬೇಕಿತ್ತು. 1960ರ ಸೋಲಾಸಿಗೆ ಮಾಡಿದ ತಿದ್ದುಪಡಿಗಳು ಇದರಿಂದಾಗಿ ಎಂದೂ ಜಾರಿಗೆ ಬರಲೇ ಇಲ್ಲ. 1974ರಲ್ಲಿ ಇದನ್ನು ತಿರುವುಮುರುವು ಮಾಡಿದರು: ಗೊತ್ತಾದ ದಿನದೊಳಗೆ ಸಾಕಷ್ಟು ದೇಶಗಳು ಆಕ್ಷೇಪಿಸದಿದ್ದರೆ ತಿದ್ದುಪಡಿ ತಾನಾಗಿ ಜಾರಿ. ಐವತ್ತು ವರ್ಷಗಳ ಹಿಂದಿನ ಒಡಂಬಡಿಕೆ ಇಂದಿಗೂ ಬಳಕೆಗೆ ಒದಗುತ್ತಿರುವುದು ಈ ಏರ್ಪಾಡಿನಿಂದ.

ಸುರಕ್ಷತೆ

ಹಡಗಿನ ರಚನೆ, ಬೆಂಕಿ ತಡೆ, ಜೀವರಕ್ಷಕ ಸಾಮಗ್ರಿ, ರೇಡಿಯೊ, ಅಪಾಯಕಾರಿ ಸರಕು ಎಲ್ಲವೂ ಸೋಲಾಸಿನ ವ್ಯಾಪ್ತಿಯೊಳಗೆ ಬರುತ್ತವೆ. ಎದುರಾಬದುರಾದ ಹಡಗುಗಳು ಯಾವ ಕಡೆ ತಿರುಗಬೇಕೆಂಬ ರಸ್ತೆನಿಯಮದಂಥ ನಿಯಮಗಳು 1972ರ ಪ್ರತ್ಯೇಕ ಒಡಂಬಡಿಕೆಯಲ್ಲಿವೆ. 1999ರ ಫೆಬ್ರವರಿಯಿಂದ ಉಪಗ್ರಹ ಆಧಾರಿತ ಸಂಕಟಸಂದೇಶ ವ್ಯವಸ್ಥೆ ಪೂರ್ತಿ ಜಾರಿಯಾಗಿ ಮೋರ್ಸ್ ಸಂಕೇತದ ಯುಗ ಮುಗಿಯಿತು.

ಯಂತ್ರಗಳ ಬಗ್ಗೆ ನಿಯಮ ಬರೆಯುವುದು ಸುಲಭ, ಮನುಷ್ಯರ ಬಗ್ಗೆ ಕಷ್ಟ. 1987ರ ಮಾರ್ಚ್ 6ರಂದು ಬೆಲ್ಜಿಯಮ್ಮಿನ ಜೀಬ್ರುಗ್ ಬಂದರಿನಿಂದ ಹೊರಟ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಎಂಬ ಫೆರಿ ಕೆಲವೇ ನಿಮಿಷಗಳಲ್ಲಿ ಮಗುಚಿ 193 ಮಂದಿ ಸತ್ತರು. ವಾಹನಗಳು ಒಳಬರುವ ಮುಂಭಾಗದ ಬಾಗಿಲನ್ನು ಮುಚ್ಚಿರಲಿಲ್ಲ. ಮುಚ್ಚಬೇಕಾದವನು ನಿದ್ದೆ ಹೋಗಿದ್ದ. ಬಾಗಿಲು ಮುಚ್ಚಿದೆಯೇ ಎಂದು ಕ್ಯಾಪ್ಟನ್‌ಗೆ ತಿಳಿಸುವ ದೀಪವೂ ಇರಲಿಲ್ಲ. ಅಂಥ ದೀಪ ಬೇಕೆಂದು ಕ್ಯಾಪ್ಟನ್ನರು ಮೊದಲೇ ಕೇಳಿದ್ದರು, ಕಂಪನಿ ಒಪ್ಪಿರಲಿಲ್ಲ. ಮಲಗಿದ್ದವನನ್ನು ಶಿಕ್ಷಿಸಿ ಕೈತೊಳೆದುಕೊಳ್ಳಬಹುದಿತ್ತು. ತನಿಖೆ ಹಾಗೆ ಮಾಡದೆ ತಪ್ಪನ್ನು ಆಡಳಿತ ಮಂಡಳಿಯವರೆಗೂ ಒಯ್ದಿತು.

ಅದರ ಫಲವಾಗಿ ಬಂದದ್ದೇ 1993ರ ಅಂತಾರಾಷ್ಟ್ರೀಯ ಸುರಕ್ಷತಾ ನಿರ್ವಹಣಾ ಸಂಹಿತೆ. ಪ್ರಯಾಣಿಕ ಹಡಗು, ಟ್ಯಾಂಕರು ಮೊದಲಾದವಕ್ಕೆ 1998ರಿಂದ, ಉಳಿದವಕ್ಕೆ 2002ರಿಂದ ಅದು ಕಡ್ಡಾಯವಾಯಿತು. ಅದರ ಪ್ರಕಾರ ಹಡಗಿನ ಸುರಕ್ಷತೆಗೆ ದಡದ ಮೇಲಿರುವ ಕಂಪನಿಯೂ ಹೊಣೆ. ಕಂಪನಿಯ ಅತ್ಯುನ್ನತ ಅಧಿಕಾರಿಯ ಬಳಿ ನೇರವಾಗಿ ಹೋಗಬಲ್ಲ ಒಬ್ಬ ವ್ಯಕ್ತಿಯನ್ನು ಅದು ನೇಮಿಸಲೇಬೇಕು. ಸೋಲಾಸಿನ ಇಡೀ ಇತಿಹಾಸದಲ್ಲಿ ದೋಣಿಗಳ ಲೆಕ್ಕದ ನಂತರದ ಅತಿ ದೊಡ್ಡ ಹೆಜ್ಜೆ ಇದೇ ಎನ್ನಬೇಕು.

ನಾವಿಕರ ತರಬೇತಿ ಮತ್ತು ಪ್ರಮಾಣಪತ್ರಗಳಿಗೆ 1978ರ ಎಸ್‌ಟಿಸಿಡಬ್ಲ್ಯೂ ಒಡಂಬಡಿಕೆ ಇದೆ. 1995ರಲ್ಲೂ 2010ರಲ್ಲಿ ಮನಿಲಾದಲ್ಲೂ ಅದನ್ನು ಬಿಗಿಗೊಳಿಸಲಾಯಿತು. ಸಂಬಳ, ವಿಶ್ರಾಂತಿ, ಊಟ, ಮನೆಗೆ ಮರಳುವ ಹಕ್ಕು ಬೇರೆಡೆ ಇವೆ: ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2006ರ ಕಡಲ ಕಾರ್ಮಿಕರ ಒಡಂಬಡಿಕೆಯಲ್ಲಿ. ಅದು 2013ರಲ್ಲಿ ಜಾರಿಯಾಯಿತು, ಭಾರತ 2015ರಲ್ಲಿ ಸೇರಿತು. ಆದರೂ ಅಪಘಾತವಾದಾಗ ಮೊದಲು ಜೈಲಿಗೆ ಹೋಗುವವನು ನಾವಿಕನೇ. 2007ರ ಡಿಸೆಂಬರಿನಲ್ಲಿ ದಕ್ಷಿಣ ಕೊರಿಯಾದ ಕರಾವಳಿಯಲ್ಲಿ ಹೆಬೆ ಸ್ಪಿರಿಟ್ ಎಂಬ ಟ್ಯಾಂಕರು ಲಂಗರು ಹಾಕಿ ನಿಂತಿತ್ತು. ಹಗ್ಗ ಕಡಿದುಕೊಂಡ ಕ್ರೇನ್ ಬಾರ್ಜೊಂದು ಬಂದು ಬಡಿದು ಸುಮಾರು 10,900 ಟನ್ ತೈಲ ಚೆಲ್ಲಿತು. ನಿಂತ ಹಡಗಿನ ಭಾರತೀಯ ಕ್ಯಾಪ್ಟನ್ ಮತ್ತು ಮುಖ್ಯ ಅಧಿಕಾರಿ ಕೆಳಗಿನ ನ್ಯಾಯಾಲಯದಲ್ಲಿ ಬಿಡುಗಡೆಯಾಗಿ, ಮೇಲ್ಮನವಿಯಲ್ಲಿ ಜೈಲಿಗೆ ಹೋಗಿ, ಸುಮಾರು ಒಂದೂವರೆ ವರ್ಷ ಆ ದೇಶದಲ್ಲೇ ಉಳಿಯಬೇಕಾಯಿತು. ಜಗತ್ತಿಗೆ ಅತಿ ಹೆಚ್ಚು ನಾವಿಕರನ್ನು ಕೊಡುವ ದೇಶಗಳಲ್ಲಿ ಒಂದಾದ ಭಾರತಕ್ಕೆ ಇದು ದೂರದ ಪ್ರಶ್ನೆಯಲ್ಲ.

ಭದ್ರತೆ

ಅಪಘಾತದಿಂದ ರಕ್ಷಣೆ ಒಂದು, ಆಕ್ರಮಣದಿಂದ ರಕ್ಷಣೆ ಇನ್ನೊಂದು. 1985ರ ಅಕ್ಟೋಬರಿನಲ್ಲಿ ಅಕಿಲೆ ಲೌರೊ ಎಂಬ ಇಟಲಿಯ ಪ್ರವಾಸಿ ಹಡಗನ್ನು ಉಗ್ರರು ಅಪಹರಿಸಿದ ಮೇಲೆ 1988ರಲ್ಲಿ ರೋಮಿನಲ್ಲಿ ನೌಕಾಯಾನದ ವಿರುದ್ಧದ ಅಪರಾಧಗಳ ಒಡಂಬಡಿಕೆಯಾಯಿತು. ಅಮೆರಿಕದ ಮೇಲೆ 2001ರಲ್ಲಿ ನಡೆದ ದಾಳಿಯ ನಂತರ ಹಡಗು ಮತ್ತು ಬಂದರುಗಳ ಭದ್ರತಾ ಸಂಹಿತೆ 2002ರ ಡಿಸೆಂಬರಿನಲ್ಲಿ ಅಂಗೀಕಾರವಾಗಿ 2004ರ ಜುಲೈ 1ಕ್ಕೆ ಜಾರಿಗೆ ಬಂತು. ಐಎಂಒ ಇಷ್ಟು ಬೇಗ ಕೆಲಸ ಮುಗಿಸಿದ ಉದಾಹರಣೆಗಳು ಕಡಿಮೆ. ಹಡಗಿಗೊಬ್ಬ, ಕಂಪನಿಗೊಬ್ಬ, ಬಂದರಿಗೊಬ್ಬ ಭದ್ರತಾ ಅಧಿಕಾರಿ, ಮೂರು ಹಂತದ ಎಚ್ಚರಿಕೆ, ದಾಳಿಕೋರರಿಗೆ ಗೊತ್ತಾಗದಂತೆ ದಡಕ್ಕೆ ಸುದ್ದಿ ಮುಟ್ಟಿಸುವ ಗುಂಡಿ ಅದರ ಮುಖ್ಯ ಅಂಶಗಳು. ಮಂಗಳೂರಿನ ಪಣಂಬೂರಿನಂಥ ಬಂದರಿನೊಳಗೆ ಇಂದು ಪಾಸಿಲ್ಲದೆ ಯಾರೂ ಹೋಗಲಾಗದಿರುವುದು ಈ ಸಂಹಿತೆಯಿಂದಾಗಿ.

ಕಡಲ್ಗಳ್ಳತನದಲ್ಲಿ ಕಾನೂನಿನ ತೊಡಕು ಬೇರೆಯದೇ. 1999ರ ಅಕ್ಟೋಬರಿನಲ್ಲಿ ಇಂಡೊನೇಷ್ಯದಿಂದ ಅಲ್ಯೂಮಿನಿಯಂ ಗಟ್ಟಿಗಳನ್ನು ಹೇರಿಕೊಂಡು ಹೊರಟ ಜಪಾನಿ ಒಡೆತನದ ಅಲಾಂಡ್ರ ರೈನ್‌ಬೋ ಹಡಗನ್ನು ಕಳ್ಳರು ವಶಪಡಿಸಿಕೊಂಡು ಹೆಸರನ್ನೇ ಬದಲಿಸಿದರು. ನವೆಂಬರಿನಲ್ಲಿ ಭಾರತದ ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆ ಅರಬ್ಬೀ ಸಮುದ್ರದಲ್ಲಿ ಬೆನ್ನಟ್ಟಿ ಅದನ್ನು ಹಿಡಿದವು. ಮುಂಬೈ ನ್ಯಾಯಾಲಯ 2003ರಲ್ಲಿ ಶಿಕ್ಷೆ ವಿಧಿಸಿದರೂ 2005ರಲ್ಲಿ ಹೈಕೋರ್ಟಿನಲ್ಲಿ ಆರೋಪಿಗಳು ಬಿಡುಗಡೆಯಾದರು. ಕಡಲ್ಗಳ್ಳತನವೆಂಬ ಅಪರಾಧಕ್ಕೆ ಭಾರತದಲ್ಲಿ ಪ್ರತ್ಯೇಕ ಕಾನೂನೇ ಇರಲಿಲ್ಲ. ಆ ಕೊರತೆ ತುಂಬಿದ್ದು 2022ರ ಕಡಲ್ಗಳ್ಳತನ ವಿರೋಧಿ ಕಾಯ್ದೆ. 2024ರ ಮಾರ್ಚಿನಲ್ಲಿ ಭಾರತೀಯ ನೌಕಾಪಡೆ ರುಯೆನ್ ಎಂಬ ಹಡಗನ್ನು ಬಿಡಿಸಿ 17 ನಾವಿಕರನ್ನು ಪಾರುಮಾಡಿದಾಗ, ಶರಣಾದ 35 ಸೋಮಾಲಿ ಕಳ್ಳರನ್ನು ಮುಂಬೈಗೆ ತಂದು ಇದೇ ಕಾಯ್ದೆಯಡಿ ವಿಚಾರಣೆಗೆ ಒಳಪಡಿಸಲಾಯಿತು.

ಕಡಲ ಪರಿಸರ

1967ರ ಮಾರ್ಚ್ 18ರಂದು ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ಟೊರಿ ಕ್ಯಾನ್ಯನ್ ಟ್ಯಾಂಕರು ಬಂಡೆಗೆ ಬಡಿಯಿತು. ಅದರಲ್ಲಿದ್ದದ್ದು ಸುಮಾರು 1.19 ಲಕ್ಷ ಟನ್ ಕಚ್ಚಾ ತೈಲ. ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ವಿಮಾನಗಳಿಂದ ಬಾಂಬು ಹಾಕಿ ತೈಲ ಸುಟ್ಟರು. ದಡಕ್ಕೆ ಸುರಿದ ಮಾರ್ಜಕ ತೈಲಕ್ಕಿಂತ ಹೆಚ್ಚಾಗಿ ಕಡಲಜೀವಿಗಳನ್ನು ಕೊಂದಿತು. ತನ್ನ ಗಡಿಯಾಚೆಗಿನ ವಿದೇಶಿ ಹಡಗಿನ ಮೇಲೆ ಕ್ರಮ ಕೈಗೊಳ್ಳುವ ಹಕ್ಕು ಕರಾವಳಿಯ ದೇಶಕ್ಕಿದೆಯೇ, ನಷ್ಟ ಕೊಡುವವರು ಯಾರು ಎಂಬ ಪ್ರಶ್ನೆಗಳೆದ್ದು 1969ರಲ್ಲಿ ಎರಡು ಒಡಂಬಡಿಕೆಗಳಾದವು. 1973ರಲ್ಲಿ ಹಡಗುಗಳಿಂದಾಗುವ ಮಾಲಿನ್ಯವನ್ನು ತಡೆಯುವ ಮಾರ್ಪೋಲ್ ಒಡಂಬಡಿಕೆ ಬಂತು. ಅದನ್ನು ಸೇರಲು ದೇಶಗಳು ತಡಮಾಡಿದ್ದರಿಂದ 1978ರ ಪ್ರೋಟೊಕಾಲಿನೊಂದಿಗೆ ಕೂಡಿಸಿ 1983ರ ಅಕ್ಟೋಬರ್ 2ರಿಂದ ಜಾರಿಮಾಡಿದರು.

ಮಾರ್ಪೋಲಿಗೆ ಆರು ಅನುಬಂಧಗಳಿವೆ: ತೈಲ, ವಿಷದ್ರವ, ಪೊಟ್ಟಣದ ಅಪಾಯಕಾರಿ ವಸ್ತು, ಮಲಿನ ನೀರು, ಕಸ ಮತ್ತು ಗಾಳಿ. ಪ್ಲಾಸ್ಟಿಕ್ಕನ್ನು ಯಾವ ಕಡಲಿಗೂ ಎಸೆಯುವಂತಿಲ್ಲ. ಎಂಜಿನ್ ಕೋಣೆಯಿಂದ ಹೊರಬಿಡುವ ನೀರಿನಲ್ಲಿ ಹತ್ತು ಲಕ್ಷ ಪಾಲಿಗೆ 15ಕ್ಕಿಂತ ಹೆಚ್ಚು ತೈಲ ಇರಬಾರದು, ಪ್ರತಿಯೊಂದನ್ನೂ ತೈಲದ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ತೈಲ ಬೇರ್ಪಡಿಸುವ ಶೋಧಕವನ್ನು ತಪ್ಪಿಸಿ ಕೊಳಕನ್ನು ನೇರ ಕಡಲಿಗೆ ಬಿಡಲು ಜೋಡಿಸುವ ಕಳ್ಳ ಕೊಳವೆಗೆ ನಾವಿಕರ ಬಾಯಲ್ಲಿ ‘ಮ್ಯಾಜಿಕ್ ಪೈಪ್’ ಎಂದು ಹೆಸರು. 2013ರಲ್ಲಿ ಕೆರಿಬಿಯನ್ ಪ್ರಿನ್ಸೆಸ್ ಹಡಗಿಗೆ ಹೊಸದಾಗಿ ಸೇರಿದ್ದ ಎಂಜಿನಿಯರೊಬ್ಬ ಇದನ್ನು ಕಂಡು ಅಧಿಕಾರಿಗಳಿಗೆ ತಿಳಿಸಿದ. 2016ರಲ್ಲಿ ಕಂಪನಿ ಅಮೆರಿಕದಲ್ಲಿ 4 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಮುಂಗಾರಿನ ಹೊತ್ತಿಗೆ ಗೋವಾ, ಉತ್ತರ ಕನ್ನಡದ ಮರಳಿನ ಮೇಲೆ ಬಂದು ಬೀಳುವ ಡಾಂಬರು ಉಂಡೆಗಳನ್ನು ಕಂಡವರಿಗೆ ಆ 15ರ ಲೆಕ್ಕದ ಬೆಲೆ ತಿಳಿಯುತ್ತದೆ.

1989ರಲ್ಲಿ ಎಕ್ಸಾನ್ ವಾಲ್ಡೀಸ್ ಟ್ಯಾಂಕರಿನಿಂದ ತೈಲ ಚೆಲ್ಲಿದ ಅನಾಹುತದ ನಂತರ ಅಮೆರಿಕ ತಾನೇ ಕಾನೂನು ಮಾಡಿ ಎರಡು ಪದರದ ಒಡಲಿಲ್ಲದ ಟ್ಯಾಂಕರುಗಳನ್ನು ಹಂತಹಂತವಾಗಿ ಹೊರಗಿಡತೊಡಗಿತು. ಐಎಂಒ 1992ರಲ್ಲಿ ಅದೇ ಹಾದಿ ಹಿಡಿಯಿತು. 1999ರಲ್ಲಿ ಎರಿಕಾ, 2002ರಲ್ಲಿ ಪ್ರೆಸ್ಟೀಜ್ ಎಂಬ ಟ್ಯಾಂಕರುಗಳು ಮುಳುಗಿದ ಮೇಲೆ ಗಡುವನ್ನು ಇನ್ನಷ್ಟು ಬೇಗಕ್ಕೆ ತಂದರು. ಟ್ಯಾಂಕರುಗಳಿಂದ ದೊಡ್ಡ ಪ್ರಮಾಣದಲ್ಲಿ ತೈಲ ಚೆಲ್ಲುವ ಘಟನೆಗಳು 1970ರ ದಶಕಕ್ಕೆ ಹೋಲಿಸಿದರೆ ಇಂದು ತೀರ ವಿರಳವಾಗಿವೆ. ಮನುಷ್ಯ ಮನಸ್ಸು ಮಾಡಿದರೆ ಕಡಲನ್ನು ಉಳಿಸಬಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಹಡಗಿನ ಸಮತೋಲಕ್ಕೆ ತುಂಬುವ ಬ್ಯಾಲಾಸ್ಟ್ ನೀರಿನೊಂದಿಗೆ ಒಂದು ಕಡಲಿನ ಜೀವಿಗಳು ಇನ್ನೊಂದಕ್ಕೆ ಹೋಗುತ್ತವೆ. ಹಾಗೆ ಕಪ್ಪು ಸಮುದ್ರ ಸೇರಿದ ಅಮೆರಿಕದ ಬಾಚಣಿಗೆ ಜೆಲ್ಲಿ ಅಲ್ಲಿನ ಮೀನುಗಾರಿಕೆಯನ್ನೇ ನೆಲಕಚ್ಚಿಸಿತು. ಇದರ ವಿರುದ್ಧದ 2004ರ ಒಡಂಬಡಿಕೆ ಜಾರಿಯಾಗಲು 13 ವರ್ಷ ಹಿಡಿಯಿತು. ಇಷ್ಟು ದೇಶಗಳು ಸೇರಬೇಕು, ಅವುಗಳ ಕೈಯಲ್ಲಿ ಜಗತ್ತಿನ ನೌಕಾಟನ್ನೇಜಿನ ಇಷ್ಟು ಪಾಲು ಇರಬೇಕು ಎಂಬ ಷರತ್ತು ಇಂಥ ವಿಳಂಬಕ್ಕೆ ಕಾರಣ. ಹಡಗು ಒಡೆಯುವ ಕೆಲಸದ ಬಗೆಗಿನ 2009ರ ಹಾಂಗ್‌ಕಾಂಗ್ ಒಡಂಬಡಿಕೆಯಂತೂ 2025ರ ಜೂನ್ 26ರಂದಷ್ಟೇ ಜಾರಿಗೆ ಬಂತು. ಗುಜರಾತಿನ ಅಲಂಗ್‌ನ ಹಡಗು ಒಡೆಯುವ ಅಂಗಳಗಳಲ್ಲಿ ಕಬ್ಬಿಣದ ನಡುವೆ ಜೀವ ತೆತ್ತ ಕೂಲಿಗಳಿಗೆ ಅದು ತಡವಾಗಿ ಬಂದ ಕಾನೂನು.

ಗಾಳಿಯ ವಿಷಯದಲ್ಲಿ 2020ರ ಜನವರಿ 1ರಿಂದ ಇಂಧನದ ಗಂಧಕದ ಮಿತಿ ಶೇ. 3.5ರಿಂದ 0.5ಕ್ಕೆ ಇಳಿಯಿತು. ಇಂಗಾಲದ್ದು ಹೆಚ್ಚು ಜಟಿಲ. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ. 3 ಪಾಲು ಹಡಗುಗಳದು. 2050ರ ಸುಮಾರಿಗೆ ಇದನ್ನು ನಿವ್ವಳ ಸೊನ್ನೆಗೆ ತರುವುದಾಗಿ 2023ರಲ್ಲಿ ಐಎಂಒ ಘೋಷಿಸಿತು. ಮಾಲಿನ್ಯಕ್ಕೆ ಬೆಲೆ ಕಟ್ಟುವ ಕರಡು ನಿಯಮಗಳಿಗೆ 2025ರ ಏಪ್ರಿಲಿನಲ್ಲಿ ಮತದಿಂದ ಒಪ್ಪಿಗೆ ಸಿಕ್ಕಿತು. ಅಕ್ಟೋಬರಿನಲ್ಲಿ ಅಂತಿಮ ಅಂಗೀಕಾರಕ್ಕೆ ಸೇರಿದ ಸಭೆ ಅಮೆರಿಕದ ತೀವ್ರ ವಿರೋಧದ ನಡುವೆ ನಿರ್ಧಾರವನ್ನು ಒಂದು ವರ್ಷ ಮುಂದೂಡಿತು.

ಬಾವುಟ ಮತ್ತು ಬಂದರು

ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನಿನ ಪ್ರಕಾರ ಹಡಗಿಗೂ ಅದು ಬಾವುಟ ಹಾರಿಸುವ ದೇಶಕ್ಕೂ ನಿಜವಾದ ನಂಟಿರಬೇಕು, ಆ ದೇಶವೇ ಹಡಗಿನ ಸ್ಥಿತಿಗೆ ಹೊಣೆ. ವಾಸ್ತವದಲ್ಲಿ ಜಗತ್ತಿನ ಅತಿ ದೊಡ್ಡ ನೌಕಾಪಟ್ಟಿಗಳಿರುವುದು ಲೈಬೀರಿಯಾ, ಪನಾಮ ಮತ್ತು ಮಾರ್ಷಲ್ ದ್ವೀಪಗಳಲ್ಲಿ. ಅಲ್ಲಿ ನೋಂದಾಯಿಸಿದ ಹಡಗುಗಳ ಮಾಲೀಕರು ಬಹುತೇಕ ಬೇರೆಡೆಯವರು. ತಪಾಸಣೆಯ ಬಹುಪಾಲನ್ನು ಈ ದೇಶಗಳು ಹಡಗುಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ವರ್ಗೀಕರಣ ಸಂಸ್ಥೆಗಳಿಗೆ ಒಪ್ಪಿಸುತ್ತವೆ. ಲಂಡನ್ನಿನ ಲಾಯ್ಡ್ಸ್ ರಿಜಿಸ್ಟರ್ 1760ರಿಂದ ಇದೆ, ಮುಂಬೈಯ ಭಾರತೀಯ ಶಿಪ್ಪಿಂಗ್ ರಿಜಿಸ್ಟರ್ 1975ರಿಂದ. ಅವುಗಳಿಗೆ ಶುಲ್ಕ ಕೊಡುವವನು ಹಡಗಿನ ಮಾಲೀಕ ಎಂಬುದನ್ನು ಮರೆಯಬಾರದು.

ಈ ಸಡಿಲನ್ನು ಬಿಗಿಮಾಡಿದ್ದು ಬಂದರುಗಳು. 1978ರಲ್ಲಿ ಅಮೋಕೊ ಕಾಡಿಜ್ ಟ್ಯಾಂಕರು ಫ್ರಾನ್ಸಿನ ಬ್ರಿಟನಿ ತೀರದಲ್ಲಿ 2.2 ಲಕ್ಷ ಟನ್ ತೈಲ ಚೆಲ್ಲಿದ ಮೇಲೆ ಯುರೋಪಿನ ದೇಶಗಳು 1982ರಲ್ಲಿ ಪ್ಯಾರಿಸ್ಸಿನಲ್ಲಿ ಒಪ್ಪಂದ ಮಾಡಿಕೊಂಡು, ಯಾವ ಬಾವುಟದ ಹಡಗೇ ಆದರೂ ತಮ್ಮ ಬಂದರಿಗೆ ಬಂದಾಗ ತಾವೇ ಹತ್ತಿ ನೋಡತೊಡಗಿದವು. ದೋಷವಿದ್ದರೆ ತಡೆಹಿಡಿಯುವುದು, ಯಾವ ಬಾವುಟದ ಹಡಗುಗಳು ಎಷ್ಟು ಸಲ ಸಿಕ್ಕಿಬಿದ್ದವೆಂದು ಬಹಿರಂಗವಾಗಿ ಪಟ್ಟಿ ಹಾಕುವುದು ಅವುಗಳ ಅಸ್ತ್ರ. ಒಂದು ದಿನ ತಡೆಹಿಡಿದರೆ ಮಾಲೀಕನಿಗಾಗುವ ನಷ್ಟ ನೂರು ಎಚ್ಚರಿಕೆ ಪತ್ರಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಹಿಂದೂ ಮಹಾಸಾಗರದ ಇಂಥದೇ ಒಪ್ಪಂದ 1999ರ ಏಪ್ರಿಲಿನಿಂದ ನಡೆಯುತ್ತಿದೆ. ಅದರ ಕಾರ್ಯಾಲಯ ಗೋವಾದಲ್ಲಿದೆ. ಐಎಂಒದ ಎಲ್ಲ ಒಡಂಬಡಿಕೆಗಳಿಗೆ ಜೀವ ಬರುವುದು ಏಣಿ ಹತ್ತಿ ಹಡಗಿನ ಎಂಜಿನ್ ಕೋಣೆಗಿಳಿಯುವ ಬಂದರಿನ ತಪಾಸಣಾಧಿಕಾರಿಯಿಂದಲೇ. ಬಾವುಟ ಬದಲಿಸುತ್ತ, ಸ್ಥಾನ ತೋರಿಸುವ ಸಾಧನವನ್ನು ಸ್ಥಗಿತಗೊಳಿಸಿ, ಸರಿಯಾದ ವಿಮೆಯಿಲ್ಲದೆ ನಿರ್ಬಂಧಿತ ತೈಲ ಸಾಗಿಸುವ ಹಳೆಯ ಟ್ಯಾಂಕರುಗಳ ‘ನೆರಳು ಪಡೆ’ ಇಂದು ತಪ್ಪಿಸಿಕೊಳ್ಳುತ್ತಿರುವುದೂ ಆತನ ಕಣ್ಣನ್ನೇ.

ಪಶ್ಚಿಮ ಕರಾವಳಿಯ ಅನುಭವ

2006ರ ಮೇ 30ರಂದು ಪನಾಮ ಬಾವುಟದ ಓಷನ್ ಸೆರಾಯ ಕಾರವಾರದ ಬಳಿ ಬಂಡೆಗೆ ಬಡಿದು ಅದರ ಇಂಧನ ತೈಲ ಗೋವಾ ತೀರದವರೆಗೂ ಹರಡಿತು. 2022ರ ಜೂನಿನಲ್ಲಿ ಉಳ್ಳಾಲದ ಬಟ್ಟಪ್ಪಾಡಿ ಸಮೀಪ ಉಕ್ಕಿನ ಸುರುಳಿ ಹೊತ್ತ ಪ್ರಿನ್ಸೆಸ್ ಮಿರಾಲ್ ಮುಳುಗಿತು. ಸಿರಿಯಾದ 15 ನಾವಿಕರನ್ನು ಕರಾವಳಿ ಕಾವಲು ಪಡೆ ಪಾರುಮಾಡಿತು. ಹೀಗೆ ಬಿಟ್ಟುಹೋದ ಹಡಗನ್ನು ಮಾಲೀಕನೇ ತೆಗೆಸಬೇಕು, ಅದಕ್ಕೆ ವಿಮೆ ಇರಬೇಕು ಎನ್ನುವ 2007ರ ನೈರೋಬಿ ಒಡಂಬಡಿಕೆಗೆ ಭಾರತ 2011ರಲ್ಲೇ ಸೇರಿದೆ.

2025ರಲ್ಲಿ ಹದಿನೈದು ದಿನಗಳ ಅಂತರದಲ್ಲಿ ಎರಡು ಅವಘಡಗಳಾದವು. ಮೇ 25ರಂದು ವಿಳಿಞ್ಞಂನಿಂದ ಕೊಚ್ಚಿಗೆ ಹೊರಟಿದ್ದ ಲೈಬೀರಿಯಾ ಬಾವುಟದ ಎಂಎಸ್‌ಸಿ ಎಲ್ಸಾ 3 ಕೇರಳದ ಬಳಿ ಮುಳುಗಿತು. 24 ನಾವಿಕರೂ ಬದುಕಿದರು. ಅದರಲ್ಲಿದ್ದ 640 ಕಂಟೈನರುಗಳಲ್ಲಿ 13ರಲ್ಲಿ ಅಪಾಯಕಾರಿ ಸರಕಿತ್ತು, 12ರಲ್ಲಿ ನೀರು ತಾಕಿದರೆ ಹೊತ್ತಿಕೊಳ್ಳುವ ಅನಿಲ ಬಿಡುವ ಕ್ಯಾಲ್ಸಿಯಂ ಕಾರ್ಬೈಡ್. ಜೂನ್ 9ರಂದು ಕೊಲಂಬೊದಿಂದ ನವಾ ಶೇವಾಕ್ಕೆ ಹೊರಟಿದ್ದ ಸಿಂಗಪುರದ ವಾನ್ ಹೈ 503ರಲ್ಲಿ ಸ್ಫೋಟವಾಗಿ ಬೆಂಕಿ ಹತ್ತಿತು. 22 ಮಂದಿಯಲ್ಲಿ ನಾಲ್ವರು ಕಾಣೆಯಾದರು. ಪಾರಾದ 18 ಮಂದಿಯನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ಮಂಗಳೂರಿಗೆ ತಂದಿತು, ಗಾಯಾಳುಗಳಿಗೆ ಅಲ್ಲೇ ಚಿಕಿತ್ಸೆಯಾಯಿತು.

ಎಲ್ಸಾದ ಮಾಲೀಕರಿಂದ ಕೇರಳ ಸರ್ಕಾರ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿ ಪರಿಹಾರ ಕೇಳಿತು. 2017ರ ನೌಕಾ ನ್ಯಾಯವ್ಯಾಪ್ತಿ ಕಾಯ್ದೆಯಡಿ ಅದೇ ಸಮೂಹದ ಇನ್ನೊಂದು ಹಡಗನ್ನು ವಿಳಿಞ್ಞಂನಲ್ಲಿ ತಡೆಹಿಡಿಯಲಾಯಿತು. ಅಂತಾರಾಷ್ಟ್ರೀಯ ನಿಯಮಗಳ ದೊಡ್ಡ ತೂತು ಇಲ್ಲಿ ಕಾಣುತ್ತದೆ. ಟ್ಯಾಂಕರಿನಿಂದ ತೈಲ ಚೆಲ್ಲಿದರೆ 1992ರ ಅಂತಾರಾಷ್ಟ್ರೀಯ ನಿಧಿ ಇದೆ, ಬಲೆ ಹಾಕಲಾಗದೆ ಕೂತ ಮೀನುಗಾರನೂ ಅದರಿಂದ ಪರಿಹಾರ ಪಡೆಯಬಹುದು. ಕಂಟೈನರ್ ಹಡಗಿನ ಇಂಧನಕ್ಕೆ ಅಂಥ ನಿಧಿಯಿಲ್ಲ. ಮಾಲೀಕನ ಹೊಣೆಯೂ ಹಡಗಿನ ಟನ್ನೇಜಿಗೆ ತಕ್ಕ ಮಿತಿಯೊಳಗೆ ನಿಲ್ಲುತ್ತದೆ. ಅಪಾಯಕಾರಿ ಸರಕಿನ ಪರಿಹಾರಕ್ಕೆಂದೇ 1996ರಲ್ಲಿ ಮಾಡಿ 2010ರಲ್ಲಿ ತಿದ್ದಿದ ಒಡಂಬಡಿಕೆ 2025ರ ಹೊತ್ತಿಗೂ ಜಾರಿಗೆ ಬಂದಿರಲಿಲ್ಲ.

ಎಲ್ಸಾದಿಂದ ಕೇರಳದ ದಕ್ಷಿಣ ತೀರಕ್ಕೆ ಬಂದು ಬಿದ್ದ ಸಾಸಿವೆ ಗಾತ್ರದ ಪ್ಲಾಸ್ಟಿಕ್ ಹರಳುಗಳನ್ನು ಸ್ವಯಂಸೇವಕರು ಮರಳಿನಿಂದ ಜರಡಿ ಹಿಡಿದು ತೆಗೆಯಬೇಕಾಯಿತು. 2021ರಲ್ಲಿ ಕೊಲಂಬೊ ಬಳಿ ಸುಟ್ಟು ಮುಳುಗಿದ ಎಕ್ಸ್‌ಪ್ರೆಸ್ ಪರ್ಲ್ ಸುಮಾರು 1,680 ಟನ್ ಹರಳುಗಳನ್ನು ಚೆಲ್ಲಿತ್ತು. ಆ ಹಡಗಿನ ನೈಟ್ರಿಕ್ ಆಮ್ಲದ ಕಂಟೈನರ್ ಸೋರುತ್ತಿರುವುದು ಮೊದಲೇ ಗೊತ್ತಿತ್ತು. ಕತಾರಿನ ಹಮದ್ ಮತ್ತು ಗುಜರಾತಿನ ಹಜೀರಾ ಬಂದರುಗಳಲ್ಲಿ ಅದನ್ನು ಇಳಿಸಿಕೊಳ್ಳಲಿಲ್ಲ. ಇಂಥ ಹಡಗಿಗೆ ಆಶ್ರಯ ಕೊಡಲೇಬೇಕೆಂಬ ಕಡ್ಡಾಯ ಇಂದಿಗೂ ಯಾವ ಒಡಂಬಡಿಕೆಯಲ್ಲೂ ಇಲ್ಲ. ಕಡಲಿಗೆ ಬಿದ್ದ ಕಂಟೈನರುಗಳ ಬಗ್ಗೆ ಕೂಡಲೇ ವರದಿ ಮಾಡುವುದನ್ನು 2026ರ ಜನವರಿ 1ರಿಂದ ಕಡ್ಡಾಯಗೊಳಿಸಲಾಗಿದೆ. ಪ್ಲಾಸ್ಟಿಕ್ ಹರಳುಗಳ ಬಗ್ಗೆ ಐಎಂಒ 2024ರಲ್ಲಿ ಹೊರಡಿಸಿದ್ದು ಶಿಫಾರಸು ಮಾತ್ರ: ಗಟ್ಟಿಯಾಗಿ ಕಟ್ಟಬೇಕು, ಪತ್ರಗಳಲ್ಲಿ ಸ್ಪಷ್ಟವಾಗಿ ನಮೂದಿಸಬೇಕು, ಸಾಧ್ಯವಾದಷ್ಟೂ ಡೆಕ್ಕಿನ ಕೆಳಗೆ ಇಡಬೇಕು. ಅದನ್ನು ಕಡ್ಡಾಯ ಮಾಡಬೇಕೆಂಬ ಒತ್ತಾಯದ ಮೇಲೆ ಚರ್ಚೆ ನಡೆದಿದೆ.